ಅಗ್ಗಕ್ಕೆ ಸಿಕ್ಕ ಹಾಳು ಗಿರಣಿ, ಪಣಕ್ಕಿಟ್ಟ ಹೆಸರು: ಜೆಮ್‌ಶೆಡ್‌ಜಿ ಟಾಟಾ ಅವರ ಕಷ್ಟದ ವರ್ಷಗಳು

ಟಾಟಾ ಅಂದ ತಕ್ಷಣ ನಮ್ಮ ಕಣ್ಣ ಮುಂದೆ ಬರೋದು ಉಪ್ಪಿನ ಪೊಟ್ಟಣ, ಟೀ ಪುಡಿ, ಲಾರಿ, ಸ್ಟೀಲು. ಕಿರಾಣಿ ಅಂಗಡಿಯಿಂದ ಹಿಡಿದು ಹಾರ್ಡ್‌ವೇರ್ ಅಂಗಡಿವರೆಗೆ ಆ ಹೆಸರಿನ ಸರಕು ಇಲ್ಲದ ಪೇಟೆ ಇಲ್ಲ. ಇಷ್ಟು ದೊಡ್ಡ ಕಂಪನಿ ಕಟ್ಟಿದವರು ಹುಟ್ಟಿನಿಂದಲೇ ಶ್ರೀಮಂತರಿರಬೇಕು, ಮುಟ್ಟಿದ್ದೆಲ್ಲ ಚಿನ್ನವಾಗಿರಬೇಕು ಅಂತ ನಾವು ಅಂದುಕೊಳ್ತೀವಿ. ಅಸಲಿ ಕಥೆ ಹಾಗಿಲ್ಲ.

ಈ ಸಮೂಹ ಸ್ಥಾಪಿಸಿದ ಜೆಮ್‌ಶೆಡ್‌ಜಿ ನಸರ್‌ವಾನ್‌ಜಿ ಟಾಟಾ ಇಪ್ಪತ್ತಾರನೇ ವಯಸ್ಸಿನಲ್ಲಿ ಪರದೇಶದಲ್ಲಿ ಸಾಲಗಾರರ ಮುಂದೆ ನಿಂತಿದ್ದರು. ನಲವತ್ತೇಳನೇ ವಯಸ್ಸಿನಲ್ಲಿ, ಒಳ್ಳೆ ಹೆಸರು ಮಾಡಿದ ಮೇಲೆ, ಒಂದು ಹಾಳು ಗಿರಣಿ ಕೊಂಡು ಮತ್ತೆ ಪೇಚಿಗೆ ಸಿಕ್ಕರು. ಆ ಎರಡನೇ ಸಲ ಅವರು ಏನು ಮಾಡಿದರು ಅನ್ನೋದು ಇವತ್ತಿಗೂ ವ್ಯಾಪಾರ ಮಾಡುವ ಎಲ್ಲರೂ ತಿಳಿದುಕೊಳ್ಳಬೇಕಾದ ವಿಷಯ. ಅವರ ಬದುಕನ್ನು ಆ ಗಿರಣಿಯ ಕಡೆಯಿಂದಲೇ ಇಲ್ಲಿ ಹೇಳುತ್ತಿದ್ದೇವೆ.

ಪೂಜಾರಿಗಳ ಮನೆತನದ ಹುಡುಗ

ಜೆಮ್‌ಶೆಡ್‌ಜಿ ಹುಟ್ಟಿದ್ದು 1839ರ ಮಾರ್ಚ್ 3ರಂದು, ಗುಜರಾತಿನ ನವಸಾರಿಯಲ್ಲಿ. ಆಗ ಅದು ಬರೋಡಾ ಸಂಸ್ಥಾನಕ್ಕೆ ಸೇರಿದ ಸಣ್ಣ ಊರು. ಅವರದು ಪಾರ್ಸಿ ಪುರೋಹಿತರ ಮನೆತನ. ತಲೆಮಾರುಗಳಿಂದ ಅಗ್ನಿ ದೇವಾಲಯದ ಪೂಜೆಯೇ ಕಸುಬು. ಅದನ್ನು ಬಿಟ್ಟು ವ್ಯಾಪಾರಕ್ಕೆ ಇಳಿದ ಮೊದಲಿಗರು ಅವರ ತಂದೆ ನಸರ್‌ವಾನ್‌ಜಿ. ಅವರು ಮುಂಬೈಗೆ ಹೋಗಿ ಸಣ್ಣದಾಗಿ ವ್ಯವಹಾರ ಶುರು ಮಾಡಿದ್ದರು.

ಮಗನಿಗೆ ಹದಿಮೂರು ವರ್ಷ ಆದಾಗ ತಂದೆ ಮುಂಬೈಗೆ ಕರೆಸಿಕೊಂಡರು. ಎಲ್ಫಿನ್‌ಸ್ಟನ್ ಕಾಲೇಜಿನಲ್ಲಿ ಓದಿಸಿದರು. 1858ರಲ್ಲಿ ಓದು ಮುಗಿಯಿತು. ಹುಡುಗನಿಗೆ ಪುಸ್ತಕದ ಹುಚ್ಚು, ಅದು ಕೊನೆತನಕ ಬಿಡಲಿಲ್ಲ. ಓದು ಮುಗಿದ ಮೇಲೆ ತಂದೆಯ ಅಂಗಡಿಗೇ ಸೇರಿದರು. ಮರುವರ್ಷ ಹಾಂಗ್‌ಕಾಂಗ್‌ಗೆ ಕಳಿಸಿದರು. ಆ ಕಾಲದ ಮುಂಬೈ ವ್ಯಾಪಾರಿಗಳಂತೆ ಇವರ ಕುಟುಂಬವೂ ಚೀನಾಕ್ಕೆ ಹತ್ತಿ ಮತ್ತು ಅಫೀಮು ಕಳಿಸಿ, ಅಲ್ಲಿಂದ ಚಹಾ, ರೇಷ್ಮೆ ತರಿಸುತ್ತಿತ್ತು. ಅಫೀಮು ಆಗ ಸರ್ಕಾರವೇ ಪರವಾನಗಿ ಕೊಟ್ಟು ನಡೆಸುತ್ತಿದ್ದ ವ್ಯಾಪಾರ. ಆದರೂ ಅದು ಅಫೀಮೇ. ದೊಡ್ಡವರ ಕಥೆ ಹೇಳುವಾಗ ಇಂಥದ್ದನ್ನು ಮುಚ್ಚಿಡೋದು ಬೇಡ.

ಲಂಡನ್‌ನಲ್ಲಿ ದಿವಾಳಿಯ ಬಾಗಿಲಿಗೆ

1861ರಲ್ಲಿ ಅಮೆರಿಕದಲ್ಲಿ ಅಂತರ್ಯುದ್ಧ ಶುರುವಾಯಿತು. ಅಲ್ಲಿಂದ ಇಂಗ್ಲೆಂಡಿಗೆ ಹೋಗುತ್ತಿದ್ದ ಹತ್ತಿ ನಿಂತುಹೋಯಿತು. ಇಂಗ್ಲೆಂಡಿನ ಗಿರಣಿಗಳು ಹತ್ತಿಗಾಗಿ ಮುಂಬೈ ಕಡೆ ತಿರುಗಿದವು. ಬೆಲೆ ಆಕಾಶಕ್ಕೆ ಹೋಯಿತು. ಮುಂಬೈನಲ್ಲಿ ದುಡ್ಡೋ ದುಡ್ಡು. ದಿನಕ್ಕೊಂದು ಕಂಪನಿ, ದಿನಕ್ಕೊಂದು ಬ್ಯಾಂಕು. ಜನ ಕಣ್ಣುಮುಚ್ಚಿ ಷೇರು ಕೊಂಡರು. ಟಾಟಾ ಕುಟುಂಬವೂ ಇದರಲ್ಲಿ ಕೈ ಹಾಕಿತ್ತು.

ಲಂಡನ್‌ನಲ್ಲಿ ಒಂದು ಬ್ಯಾಂಕ್ ತೆರೆಯುವ ಯೋಜನೆ ಹಿಡಿದು ಜೆಮ್‌ಶೆಡ್‌ಜಿ ಹಡಗು ಹತ್ತಿದರು. ಅವರು ಅಲ್ಲಿ ಇರುವಾಗಲೇ, 1865ರಲ್ಲಿ ಅಮೆರಿಕದ ಯುದ್ಧ ಮುಗಿದುಹೋಯಿತು. ಹತ್ತಿ ಬೆಲೆ ಧೊಪ್ಪನೆ ಬಿತ್ತು. ಮುಂಬೈನ ಬ್ಯಾಂಕುಗಳು, ಕಂಪನಿಗಳು ಒಂದರ ಹಿಂದೆ ಒಂದು ಮುಳುಗಿದವು. ಜೆಮ್‌ಶೆಡ್‌ಜಿ ಕೈಯಲ್ಲಿದ್ದ ಹುಂಡಿಗಳು ಬರೀ ಕಾಗದವಾದವು. ಬ್ಯಾಂಕ್ ತೆರೆಯಲು ಹೋದವರು ಸಾಲಗಾರರಿಗೆ ಉತ್ತರ ಕೊಡುವ ಸ್ಥಿತಿಗೆ ಬಂದರು.

ಇಪ್ಪತ್ತಾರು ವರ್ಷದ ಹುಡುಗ. ಊರು ಸಾವಿರಾರು ಮೈಲಿ ದೂರ. ತಲೆಮರೆಸಿಕೊಂಡು ಹಡಗು ಹತ್ತಿದ್ದರೆ ಯಾರೂ ಹುಡುಕಿಕೊಂಡು ಬರುತ್ತಿರಲಿಲ್ಲವೇನೋ. ಅವರು ಹಾಗೆ ಮಾಡಲಿಲ್ಲ. ಸಾಲ ಕೊಟ್ಟವರ ಹತ್ತಿರ ತಾವೇ ಹೋಗಿ, ಲೆಕ್ಕಪತ್ರ ಎಲ್ಲ ಮುಂದಿಟ್ಟು, ಇದ್ದದ್ದು ಇದ್ದ ಹಾಗೆ ಹೇಳಿದರು. ಸಾಲಗಾರರಿಗೆ ಈ ಹುಡುಗನ ಮೇಲೆ ಎಂಥ ನಂಬಿಕೆ ಬಂತೆಂದರೆ, ಅವರ ಕಂಪನಿಯ ಬಾಕಿ ತೀರಿಸುವ ಕೆಲಸಕ್ಕೆ ಅವರನ್ನೇ ನೇಮಿಸಿ, ತಿಂಗಳಿಗೆ 20 ಪೌಂಡ್ ಸಂಬಳ ಕೊಟ್ಟರು. ಮುಂಬೈನಲ್ಲಿ ತಂದೆ ಮನೆ ಮಾರಿ ಸಾಲ ತೀರಿಸಿದರು.

ಈ ಘಟನೆ ನೆನಪಿಟ್ಟುಕೊಳ್ಳಿ. ಮುಂದೆ ಗಿರಣಿ ಕಥೆಯಲ್ಲಿ ಇದು ಬೇಕಾಗುತ್ತದೆ.

21 ಸಾವಿರದಿಂದ ಮತ್ತೆ ಶುರು

ಊರಿಗೆ ವಾಪಸ್ ಬಂದು 1868ರಲ್ಲಿ 21,000 ರೂಪಾಯಿ ಬಂಡವಾಳದಲ್ಲಿ ಸ್ವಂತ ವ್ಯಾಪಾರ ಶುರು ಮಾಡಿದರು. ಅದೇ ಸಮಯಕ್ಕೆ ಬ್ರಿಟಿಷ್ ಸೈನ್ಯ ಮುಂಬೈನಿಂದ ಅಬಿಸೀನಿಯಾಕ್ಕೆ, ಅಂದರೆ ಇವತ್ತಿನ ಇಥಿಯೋಪಿಯಾಕ್ಕೆ ದಂಡೆತ್ತಿ ಹೋಯಿತು. ಆ ಸೈನ್ಯಕ್ಕೆ ಸಾಮಾನು ಪೂರೈಸುವ ಗುತ್ತಿಗೆಯಲ್ಲಿ ತಂದೆಗೆ ಪಾಲು ಸಿಕ್ಕಿತು. ಕುಟುಂಬಕ್ಕೆ ಮತ್ತೆ ಉಸಿರು ಬಂತು.

1869ರಲ್ಲಿ ಜೆಮ್‌ಶೆಡ್‌ಜಿ ಮುಂಬೈನ ಚಿಂಚಪೋಕಳಿಯಲ್ಲಿ ದಿವಾಳಿಯಾಗಿದ್ದ ಒಂದು ಎಣ್ಣೆ ಗಿರಣಿ ಕೊಂಡರು. ಎಣ್ಣೆಯ ಯಂತ್ರ ತೆಗೆದುಹಾಕಿ ಹತ್ತಿ ಗಿರಣಿ ಮಾಡಿದರು. ಅದಕ್ಕೆ ಅಲೆಕ್ಸಾಂಡ್ರಾ ಮಿಲ್ ಅಂತ ಹೆಸರು. ಎರಡೇ ವರ್ಷದಲ್ಲಿ ಅದನ್ನು ಒಳ್ಳೆ ಲಾಭಕ್ಕೆ ಮಾರಿದರು. ಬಿದ್ದ ಗಿರಣಿ ಕೊಂಡು ಎತ್ತಿ ನಿಲ್ಲಿಸೋದು ಇಷ್ಟು ಸುಲಭ ಅನ್ನುವ ಧೈರ್ಯ ಅವರಿಗೆ ಇಲ್ಲೇ ಬಂದಿರಬೇಕು. ಆ ಧೈರ್ಯವೇ ಮುಂದೆ ಅವರನ್ನು ಕಷ್ಟಕ್ಕೆ ಸಿಕ್ಕಿಸಿತು.

ಮಾರಿದ ದುಡ್ಡು ಇಟ್ಟುಕೊಂಡು ಸುಮ್ಮನೆ ಕೂರಲಿಲ್ಲ. ಇಂಗ್ಲೆಂಡಿನ ಲ್ಯಾಂಕಾಷೈರ್‌ಗೆ ಹೋದರು. ಜಗತ್ತಿಗೆಲ್ಲ ಬಟ್ಟೆ ಕೊಡುತ್ತಿದ್ದ ಜಾಗ ಅದು. ನೂಲು ಹೇಗೆ ತೆಗೆಯುತ್ತಾರೆ, ಯಂತ್ರ ಹೇಗೆ ಓಡುತ್ತದೆ, ಸರಕು ಹೇಗೆ ಮಾರುತ್ತಾರೆ ಅನ್ನೋದನ್ನೆಲ್ಲ ನೋಡಿಕೊಂಡು ಬಂದರು. ಹತ್ತಿ ಬೆಳೆಯೋದು ನಮ್ಮ ದೇಶದಲ್ಲಿ, ಅದು ಹಡಗಿನಲ್ಲಿ ಅಲ್ಲಿಗೆ ಹೋಗಿ, ಬಟ್ಟೆಯಾಗಿ ಮತ್ತೆ ಹಡಗಿನಲ್ಲಿ ಬಂದು ನಮಗೇ ಮಾರಾಟ ಆಗೋದು. ಈ ಸುತ್ತು ಯಾಕೆ ಅನ್ನೋದು ಅವರ ತಲೆಯಲ್ಲಿ ಕೂತಿತು.

ನಾಗಪುರದ ಕೆಸರಿನಲ್ಲಿ ಗಿರಣಿ

ಆಗ ಗಿರಣಿ ಅಂದರೆ ಮುಂಬೈ, ಮುಂಬೈ ಅಂದರೆ ಗಿರಣಿ. ಜೆಮ್‌ಶೆಡ್‌ಜಿ ಮಾತ್ರ ನಾಗಪುರಕ್ಕೆ ಹೋದರು. ಲೆಕ್ಕ ಸರಳವಾಗಿತ್ತು. ಸುತ್ತಮುತ್ತ ಹತ್ತಿ ಬೆಳೆಯುವ ಹೊಲ. ಹತ್ತಿರದ ವರೋರಾದಲ್ಲಿ ಕಲ್ಲಿದ್ದಲು. ಮುಂಬೈನಿಂದ ರೈಲು ಬಂದಾಗಿತ್ತು. ನೂಲು ಕೊಳ್ಳುವ ಕೈಮಗ್ಗದ ನೇಕಾರರು ಆ ಸೀಮೆಯಲ್ಲೇ ಇದ್ದರು.

ರೈಲು ನಿಲ್ದಾಣದ ಹತ್ತಿರ ಜುಮ್ಮಾ ತಲಾವ್ ಅನ್ನುವ ಕೆರೆ ಪಕ್ಕದ ಜೌಗು ಜಾಗ ಕೊಂಡು ಮಣ್ಣು ತುಂಬಿಸಿದರು. ಊರವರಿಗೆ ತಮಾಷೆ. ಸ್ಥಳೀಯ ಸಾಹುಕಾರರೊಬ್ಬರು, ಕೆಸರಿನಲ್ಲಿ ಚಿನ್ನ ಹೂಳುವ ಈ ಮನುಷ್ಯನಿಗೆ ಸಾಲ ಕೊಡೋದಿಲ್ಲ ಅಂದರಂತೆ. ವರ್ಷಗಳ ನಂತರ ಅದೇ ಸಾಹುಕಾರರು, ಆ ಮನುಷ್ಯ ಮಣ್ಣು ಹಾಕಿ ಚಿನ್ನ ತೆಗೆದ ಅಂತ ಒಪ್ಪಿಕೊಂಡರು ಅನ್ನೋದು ಈಗಲೂ ಹೇಳುವ ಕಥೆ.

15 ಲಕ್ಷ ರೂಪಾಯಿ ಬಂಡವಾಳದ ಕಂಪನಿ ನೋಂದಣಿಯಾಗಿದ್ದು 1874ರಲ್ಲಿ. ಗಿರಣಿ ಬಾಗಿಲು ತೆರೆದಿದ್ದು 1877ರ ಜನವರಿ 1ರಂದು. ಅದೇ ದಿನ ವಿಕ್ಟೋರಿಯಾ ರಾಣಿಯನ್ನು ಭಾರತದ ಸಾಮ್ರಾಜ್ಞಿ ಅಂತ ಘೋಷಿಸಿದರು. ಹಾಗಾಗಿ ಗಿರಣಿಗೆ ಎಂಪ್ರೆಸ್ ಮಿಲ್ ಅಂತಲೇ ಹೆಸರಾಯಿತು.

ಮ್ಯಾನೇಜರ್ ಆಗಿ ತಂದವರು ಬೇಜನ್‌ಜಿ ದಾದಾಭಾಯಿ ಅನ್ನುವ ರೈಲ್ವೆ ಅಧಿಕಾರಿಯನ್ನು. ಅವರಿಗೆ ರೈಲಿನ ಸರಕು ಸಾಗಣೆ ಗೊತ್ತಿತ್ತೇ ಹೊರತು ಬಟ್ಟೆ ಗಿರಣಿಯ ಗಂಧಗಾಳಿ ಇರಲಿಲ್ಲ. ಆದರೆ ಜನರನ್ನು ಇಟ್ಟುಕೊಂಡು ಕೆಲಸ ಮಾಡಿಸುವ ಕಲೆ ಗೊತ್ತಿತ್ತು. ಯಂತ್ರದ ಕೆಲಸಕ್ಕೆ ಲ್ಯಾಂಕಾಷೈರ್‌ನ ಬ್ರೂಕ್ಸ್‌ಬಿ ಅನ್ನುವ ಇಂಜಿನಿಯರ್ ಬಂದರು.

ಮೊದಲು ಒಂದು ತಪ್ಪಾಯಿತು. ದುಡ್ಡು ಉಳಿಸೋಣ ಅಂತ ಕಡಿಮೆ ಬೆಲೆಯ ಯಂತ್ರ ತರಿಸಿದ್ದರು. ನೂಲು ಚೆನ್ನಾಗಿ ಬರಲಿಲ್ಲ. ತಪ್ಪು ಗೊತ್ತಾದ ಮೇಲೆ ಜೆಮ್‌ಶೆಡ್‌ಜಿ ಹಟ ಹಿಡಿಯಲಿಲ್ಲ. ಹಳೆಯದನ್ನು ತೆಗೆದು ಒಳ್ಳೆ ಯಂತ್ರ ಹಾಕಿಸಿದರು. ಅಲ್ಲಿಂದ ಗಿರಣಿ ಮೇಲೆದ್ದಿತು.

1883ರ ಹೊತ್ತಿಗೆ ರಿಂಗ್ ಸ್ಪಿಂಡಲ್ ಅನ್ನುವ ಹೊಸ ನೂಲುವ ಯಂತ್ರ ಬಂದಿತ್ತು. ಇಂಗ್ಲೆಂಡಿನವರೇ ಅದನ್ನು ಸರಿಯಾಗಿ ನಂಬಿರಲಿಲ್ಲ. ಬ್ರೂಕ್ಸ್‌ಬಿ ಎರಡು ಯಂತ್ರ ಹಾಕಿ ಪರೀಕ್ಷೆ ಮಾಡಿದರು. ನೂಲು ಹೆಚ್ಚು ಬಂತು. ಇನ್ನಷ್ಟು ಬೇಕು ಅಂತ ಕೇಳಿದರೆ ಲ್ಯಾಂಕಾಷೈರ್‌ನ ಹೆಸರುವಾಸಿ ಕಂಪನಿ ಮಾಡಿಕೊಡಲು ಒಪ್ಪಲಿಲ್ಲ. ಜೆಮ್‌ಶೆಡ್‌ಜಿ ಬೇರೆ ಕಂಪನಿಯಿಂದ ತರಿಸಿಕೊಂಡರು. ಹೊಸದನ್ನು ಸಣ್ಣದಾಗಿ ಪರೀಕ್ಷಿಸಿ, ಸರಿ ಕಂಡ ಮೇಲೆ ಪೂರ್ತಿ ಇಳಿಯೋದು ಅವರ ಪದ್ಧತಿ.

ಇನ್ನೊಂದು ತಲೆನೋವು ಆಳುಗಳದ್ದು. ನಾಗಪುರದ ಜನಕ್ಕೆ ಗಿರಣಿ ಕೆಲಸ ಹೊಸದು. ಮನಸ್ಸು ಬಂದ ದಿನ ಬರುತ್ತಿದ್ದರು, ಇಲ್ಲದಿದ್ದರೆ ಇಲ್ಲ. ಐವರಲ್ಲಿ ಒಬ್ಬರು ಗೈರು ಆಗೋದು ಮಾಮೂಲಾಗಿತ್ತು. ಬೇರೆ ಕಡೆಯಾಗಿದ್ದರೆ ದಂಡ ಹಾಕುತ್ತಿದ್ದರು, ಕೆಲಸದಿಂದ ತೆಗೆಯುತ್ತಿದ್ದರು. ಇಲ್ಲಿ ಬೇರೆ ದಾರಿ ಹಿಡಿದರು. ಗಿರಣಿಯ ಒಳಗೆ ಗಾಳಿ ಆಡುವ ಹಾಗೆ, ಸೆಕೆ ಕಡಿಮೆಯಾಗುವ ಹಾಗೆ ವ್ಯವಸ್ಥೆ ಮಾಡಿದರು. ಬೆಂಕಿ ಬಿದ್ದರೆ ನೀರು ಸಿಂಪಡಿಸುವ ಕೊಳವೆ ಹಾಕಿಸಿದರು. ತಪ್ಪದೆ ಬಂದವರಿಗೆ ಬಹುಮಾನ, ವರ್ಷಕ್ಕೊಮ್ಮೆ ಆಟೋಟ. 1886ರಲ್ಲಿ ಪಿಂಚಣಿ ನಿಧಿ ಬಂತು. 1895ರಲ್ಲಿ ಕೆಲಸದಲ್ಲಿ ಪೆಟ್ಟಾದವರಿಗೆ ಪರಿಹಾರ ಕೊಡುವುದೂ ಶುರುವಾಯಿತು. ಇದನ್ನು ಸರ್ಕಾರ ಕಾಯ್ದೆ ಮಾಡಿದ್ದು 1923ರಲ್ಲಿ.

ಹಾಗಂತ ಅದು ಸ್ವರ್ಗವೇನಲ್ಲ. ಆ ಕಾಲದ ಗಿರಣಿ ದುಡಿಮೆ ಅಂದರೆ ಬೆಳಗಿನಿಂದ ಕತ್ತಲಾಗುವ ತನಕ. ಆದರೆ ಕೆಲಸಗಾರ ನೆಮ್ಮದಿಯಾಗಿದ್ದರೆ ಯಂತ್ರ ನಿಲ್ಲೋದಿಲ್ಲ ಅನ್ನುವ ಲೆಕ್ಕ ಜೆಮ್‌ಶೆಡ್‌ಜಿಗೆ ಬೇರೆಯವರಿಗಿಂತ ಮೊದಲೇ ಅರ್ಥವಾಗಿತ್ತು. ಎಂಪ್ರೆಸ್ ಮಿಲ್ ಲಾಭ ಕೊಡುತ್ತಾ ಹೋಯಿತು.

ಅಗ್ಗದ ಮಾಲಿನ ಅಸಲಿ ಬೆಲೆ

ಈಗ ಮುಖ್ಯ ಕಥೆಗೆ ಬರೋಣ.

1886ರಲ್ಲಿ ಮುಂಬೈ ಪಕ್ಕದ ಕುರ್ಲಾದಲ್ಲಿ ಧರಮ್ಸಿ ಮಿಲ್ ಅನ್ನುವ ದೊಡ್ಡ ಗಿರಣಿ ಮಾರಾಟಕ್ಕೆ ಬಂತು. ಮುಂಬೈ ಪ್ರಾಂತ್ಯದ ಅತಿ ದೊಡ್ಡ ಗಿರಣಿಗಳಲ್ಲಿ ಅದೂ ಒಂದು. ಕೈಯಿಂದ ಕೈಗೆ ಹೋಗಿ, ಯಾರಿಗೂ ದಕ್ಕದೆ ಹಾಳುಬಿದ್ದಿತ್ತು. ಜೆಮ್‌ಶೆಡ್‌ಜಿ 12.5 ಲಕ್ಷ ರೂಪಾಯಿಗೆ ಕೊಂಡರು. ಅದನ್ನು ಕಟ್ಟಲು ಆಗಿದ್ದ ಖರ್ಚಿನ ಸುಮಾರು ಕಾಲು ಭಾಗಕ್ಕೆ ಸಿಕ್ಕಿತ್ತು. ಪೇಟೆಯವರೆಲ್ಲ ಭಲೇ ವ್ಯಾಪಾರ ಅಂದುಕೊಂಡರು.

ಅದಕ್ಕೆ ಸ್ವದೇಶಿ ಮಿಲ್ ಅಂತ ಹೆಸರಿಟ್ಟರು. ಕಾಂಗ್ರೆಸ್ ಹುಟ್ಟಿ ಆಗಷ್ಟೇ ಒಂದು ವರ್ಷ. ಬಂಗಾಳದ ಸ್ವದೇಶಿ ಚಳವಳಿಗೆ ಇನ್ನೂ 19 ವರ್ಷ ಬಾಕಿ. ಅವರ ಆಸೆ ಏನಪ್ಪಾ ಅಂದರೆ, ಆಗ ನಮ್ಮ ಗಿರಣಿಗಳು ದಪ್ಪ ನೂಲು, ಒರಟು ಬಟ್ಟೆ ಮಾತ್ರ ಮಾಡುತ್ತಿದ್ದವು. ನಯವಾದ ಬಟ್ಟೆ ಬೇಕು ಅಂದರೆ ಇಂಗ್ಲೆಂಡಿನದ್ದೇ. ಇಲ್ಲಿ ನಯವಾದ ಬಟ್ಟೆ ನೇಯಬೇಕು, ಇಂಗ್ಲೆಂಡಿನ ಮಾಲಿಗೆ ಎದುರು ನಿಲ್ಲಬೇಕು ಅಂತ. ಈ ಹೆಸರು, ಈ ಆಸೆ ನಂಬಿ ಎಷ್ಟೋ ಜನ ಷೇರು ಕೊಂಡರು.

ಇನ್ನೊಂದು ಸಂಗತಿ ಇದೆ. ಆಗಿನ ಗಿರಣಿಗಳನ್ನು ನಡೆಸುವ ಏಜೆಂಟರು ತಯಾರಾದ ನೂಲಿನ ತೂಕದ ಮೇಲೆ ಕಮಿಷನ್ ತಗೊಳ್ಳುತ್ತಿದ್ದರು. ಗಿರಣಿಗೆ ಲಾಭ ಬರಲಿ ಬಿಡಲಿ, ಸರಕು ಮಾರಾಟ ಆಗಲಿ ಗೋದಾಮಿನಲ್ಲಿ ಕೊಳೆಯಲಿ, ಏಜೆಂಟರ ಜೇಬು ತುಂಬುತ್ತಿತ್ತು. ಸ್ವದೇಶಿ ಮಿಲ್‌ನಲ್ಲಿ ಜೆಮ್‌ಶೆಡ್‌ಜಿ ಈ ಪದ್ಧತಿ ಕೈಬಿಟ್ಟರು. ಲಾಭ ಬಂದರೆ ಮಾತ್ರ, ಆ ಲಾಭದಲ್ಲಿ ತಮಗೆ ಪಾಲು. ಷೇರುದಾರನಿಗೆ ಬರದ ದುಡ್ಡು ತಮಗೂ ಬೇಡ ಅಂತ.

ಆ ದುಡ್ಡು ಬೇಗ ಬರಲಿಲ್ಲ. ಗಿರಣಿ ಯಾಕೆ ಅಗ್ಗಕ್ಕೆ ಸಿಕ್ಕಿತ್ತು ಅನ್ನೋದು ಒಳಗೆ ಹೋದ ಮೇಲೆ ಗೊತ್ತಾಯಿತು. ಯಂತ್ರಗಳು ಸವೆದುಹೋಗಿದ್ದವು. ಒಂದು ರಿಪೇರಿ ಮಾಡಿದರೆ ಇನ್ನೊಂದು ಕೆಡುತ್ತಿತ್ತು. ಅಲೆಕ್ಸಾಂಡ್ರಾದಲ್ಲಿ ಎರಡು ವರ್ಷದಲ್ಲಿ ಆದದ್ದು ಇಲ್ಲಿ ಆಗಲಿಲ್ಲ. ಎಂಪ್ರೆಸ್‌ನಲ್ಲಿ ಒಮ್ಮೆ ಕಲಿತಿದ್ದ ಪಾಠವನ್ನು, ಅಂದರೆ ಅಗ್ಗದ ಯಂತ್ರ ತುಟ್ಟಿ ಅನ್ನೋದನ್ನು, ಇಲ್ಲಿ ಎರಡನೇ ಸಲ ದೊಡ್ಡ ಮಟ್ಟದಲ್ಲಿ ಕಲಿಯಬೇಕಾಯಿತು.

ಆಗ ಮುಂಬೈ ಗಿರಣಿಗಳ ದೊಡ್ಡ ಗಿರಾಕಿ ಚೀನಾ. ಸ್ವದೇಶಿಯ ನೂಲು ಚೀನಾಕ್ಕೆ ಹೋಯಿತು. ಗುಣಮಟ್ಟ ಸರಿಯಿಲ್ಲ ಅಂತ ಅಲ್ಲಿಂದ ದೂರು ಬಂತು, ಮಾಲು ವಾಪಸ್ ಬಂತು. ಲಾಭಾಂಶ ಇಲ್ಲ. ಷೇರಿನ ಬೆಲೆ ಪಾತಾಳ ಕಂಡಿತು. ಮುಂಬೈ ಪೇಟೆಯಲ್ಲಿ ಗುಸುಗುಸು ಶುರುವಾಯಿತು. ಟಾಟಾ ಕಥೆ ಮುಗಿಯಿತು, ನಾಗಪುರದಲ್ಲಿ ಗಳಿಸಿದ್ದನ್ನೆಲ್ಲ ಕುರ್ಲಾದಲ್ಲಿ ಕಳ್ಕೊಳ್ತಾರೆ ಅಂತ. ವ್ಯಾಪಾರಸ್ಥರಿಗೆ ಗೊತ್ತಿರುತ್ತದೆ, ಇಂಥ ಮಾತು ಒಮ್ಮೆ ಹುಟ್ಟಿದರೆ ಸರಕಿಗಿಂತ ಮೊದಲು ಸಾಲ ಸಿಗೋದು ನಿಲ್ಲುತ್ತದೆ. ಹಾಗೇ ಆಯಿತು. ಬ್ಯಾಂಕ್ ಸಾಲ ಕೊಡಲಿಲ್ಲ.

ಅವರು ಕೈ ತೊಳೆದುಕೊಳ್ಳಬಹುದಿತ್ತು. ಅದು ಷೇರು ಕಂಪನಿ, ನಷ್ಟ ಎಲ್ಲರ ಮೇಲೂ ಹಂಚಿ ಹೋಗುತ್ತಿತ್ತು. ಸ್ವದೇಶಿ ಮುಚ್ಚಿದ್ದರೂ ಎಂಪ್ರೆಸ್ ಮಿಲ್ ಉಳಿಯುತ್ತಿತ್ತು, ಮನೆ ನಡೆಯುತ್ತಿತ್ತು. ಆದರೆ ಸ್ವದೇಶಿ ಅನ್ನುವ ಹೆಸರಿಟ್ಟು, ಜನರಿಂದ ದುಡ್ಡು ತಗೊಂಡಿದ್ದರು. ಅದು ಮುಳುಗಿದ್ದರೆ, ನಮ್ಮವರ ಕೈಲಿ ಇಂಥ ಕೆಲಸ ಆಗೋದಿಲ್ಲ ಅಂತ ಆಡಿಕೊಳ್ಳುವವರು ಕಾಯುತ್ತಿದ್ದರು. ಮುಂದೆ ಟಾಟಾ ಹೆಸರಿನಲ್ಲಿ ಷೇರು ಕೊಳ್ಳಲು ಯಾರೂ ಬರುತ್ತಿರಲಿಲ್ಲ.

ಎತ್ತಿ ನಿಲ್ಲಿಸಿದ್ದು ಹೀಗೆ

ಮೊದಲು ಸ್ವಂತ ದುಡ್ಡು ಇಳಿಸಿದರು. ಹೆಂಡತಿ ಮಕ್ಕಳ ಭವಿಷ್ಯಕ್ಕೆ ಅಂತ ಮಾಡಿಟ್ಟಿದ್ದ ಟ್ರಸ್ಟ್ ಒಂದಿತ್ತು. ಅದನ್ನು ರದ್ದು ಮಾಡಿಸಿ ಆ ಹಣ ಬಿಡಿಸಿಕೊಂಡರು. ಬಂಗಾರದಂಥ ಎಂಪ್ರೆಸ್ ಮಿಲ್ ಷೇರುಗಳಲ್ಲಿ ಒಂದಷ್ಟು ಮಾರಿದರು. ಚೆನ್ನಾಗಿ ಹಾಲು ಕೊಡುವ ಹಸು ಮಾರಿ ಬಡಕಲು ಹಸುವಿಗೆ ಹಿಂಡಿ ತಂದ ಹಾಗೆ. ನೋಡಿದವರಿಗೆ ಹುಚ್ಚು ಅನ್ನಿಸಿರಬೇಕು. ಆದರೆ ಇದರಿಂದ ಎರಡು ಕೆಲಸವಾಯಿತು. ಯಂತ್ರಕ್ಕೆ ದುಡ್ಡು ಸಿಕ್ಕಿತು. ಜೊತೆಗೆ, ಗಿರಣಿ ಮುಳುಗುತ್ತದೆ ಅಂತ ಮಾಲೀಕನಿಗೇ ಅನ್ನಿಸಿದ್ದರೆ ಮನೆಯ ಗಂಟು ತಂದು ಸುರಿಯುತ್ತಿರಲಿಲ್ಲ ಅನ್ನೋದು ಪೇಟೆಗೆ ಅರ್ಥವಾಯಿತು.

ಆಮೇಲೆ ಜನ. ಕೆಟ್ಟ ಗಿರಣಿಗೆ ಸಾಮಾನ್ಯವಾಗಿ ಯಾರನ್ನು ಕಳಿಸುತ್ತಾರೆ? ಬೇರೆ ಕಡೆ ಬೇಡವಾದವರನ್ನು. ಜೆಮ್‌ಶೆಡ್‌ಜಿ ಎಂಪ್ರೆಸ್‌ನಲ್ಲಿ ಪಳಗಿದ ಒಳ್ಳೊಳ್ಳೆಯವರನ್ನು ನಾಗಪುರದಿಂದ ಕುರ್ಲಾಕ್ಕೆ ಕರೆಸಿಕೊಂಡರು. ಲಾಭದಲ್ಲಿ ಓಡುತ್ತಿರುವ ಗಿರಣಿಯಿಂದ ಕೈಯಾಳುಗಳನ್ನು ಕಿತ್ತು ತರೋದು ಸಣ್ಣ ಮಾತಲ್ಲ. ಅಲ್ಲಿ ಪೆಟ್ಟು ಬೀಳಬಹುದಿತ್ತು. ಆದರೂ ಕಷ್ಟ ಎಲ್ಲಿದೆಯೋ ಅಲ್ಲಿಗೆ ಗಟ್ಟಿಗರು ಹೋಗಬೇಕು ಅನ್ನೋದು ಅವರ ತೀರ್ಮಾನ.

ಮೂರನೆಯದು ಸರಕು. ಬೆಲೆ ಇಳಿಸಿ ಹೇಗೋ ಮಾರಿಬಿಡುವ ದಾರಿ ಹಿಡಿಯಲಿಲ್ಲ. ಹಳೇ ಯಂತ್ರ ತೆಗೆದು ಹೊಸದು ಹಾಕಿಸಿದರು. ನೂಲಿನ ಗುಣ ಸರಿಹೋಗುವ ತನಕ ಬೆನ್ನು ಬಿಡಲಿಲ್ಲ. ತಾವೇ ಗಿರಣಿಯ ವಿವರಗಳಲ್ಲಿ ಮುಳುಗಿದರು. 1887ರಲ್ಲಿ ಮಗ ದೊರಾಬ್ ಮತ್ತು ಸಂಬಂಧಿ ಆರ್.ಡಿ. ಟಾಟಾ ಅವರನ್ನು ಸೇರಿಸಿಕೊಂಡು ಟಾಟಾ ಆ್ಯಂಡ್ ಸನ್ಸ್ ಅನ್ನುವ ಸಂಸ್ಥೆ ಕಟ್ಟಿದರು. ಈ ಆರ್.ಡಿ. ಟಾಟಾ ಅವರ ಮಗನೇ ಮುಂದೆ ಹೆಸರಾದ ಜೆ.ಆರ್.ಡಿ. ಟಾಟಾ.

ಇದು ಒಂದು ರಾತ್ರಿಯಲ್ಲಿ ಆದ ಪವಾಡವಲ್ಲ. ವರ್ಷಗಳೇ ಹಿಡಿದವು. ನಿಧಾನಕ್ಕೆ ದೂರು ಕಡಿಮೆಯಾಯಿತು, ನೂಲು ಹೋದ ಕಡೆ ನಿಂತಿತು. ಒಂದು ಕಾಲಕ್ಕೆ ಸ್ವದೇಶಿ ನೂಲನ್ನು ವಾಪಸ್ ಕಳಿಸಿದ್ದ ಚೀನಾದ ಮಾರುಕಟ್ಟೆಯಲ್ಲೇ ಅದಕ್ಕೆ ಒಳ್ಳೆ ಹೆಸರು, ಒಳ್ಳೆ ಬೆಲೆ ಬಂತು. ಷೇರುದಾರರಿಗೆ ಲಾಭಾಂಶ ಸಿಕ್ಕಿತು. ಲಂಡನ್‌ನಲ್ಲಿ ಸಾಲಗಾರರ ಮುಂದೆ ಲೆಕ್ಕದ ಪುಸ್ತಕ ಬಿಚ್ಚಿಟ್ಟಿದ್ದ ಅದೇ ಮನುಷ್ಯ ಇಲ್ಲಿ ಗಂಟನ್ನೂ ಬಿಚ್ಚಿಟ್ಟಿದ್ದರು. ನಷ್ಟದಿಂದ ತಪ್ಪಿಸಿಕೊಳ್ಳುವ ಬದಲು ಅದರ ಹತ್ತಿರ ನಡೆದುಹೋಗೋದು ಅವರ ಸ್ವಭಾವವೇ ಆಗಿತ್ತು.

ಸೋತ ಹಡಗು

ಎಲ್ಲದರಲ್ಲೂ ಗೆದ್ದರು ಅಂತ ಹೇಳಿದರೆ ಸುಳ್ಳಾಗುತ್ತದೆ. ನೂಲು ಚೀನಾಕ್ಕೆ ಹೋಗಬೇಕಾದರೆ ಹಡಗು ಬೇಕು. ಆ ಮಾರ್ಗದಲ್ಲಿ ಇಂಗ್ಲೆಂಡಿನ ಪಿ ಆ್ಯಂಡ್ ಓ ಕಂಪನಿ ಮತ್ತು ಅದರ ಜೊತೆ ಸೇರಿದ ಇನ್ನೆರಡು ವಿದೇಶಿ ಕಂಪನಿಗಳದ್ದೇ ದರ್ಬಾರು. ಅವರು ಹೇಳಿದ್ದೇ ಬಾಡಿಗೆ. ಗಿರಣಿಯಲ್ಲಿ ಬೆವರು ಸುರಿಸಿ ಉಳಿಸಿದ ಲಾಭ ಹಡಗಿನ ಬಾಡಿಗೆಗೆ ಹೋಗುತ್ತಿತ್ತು.

1893ರಲ್ಲಿ ಜೆಮ್‌ಶೆಡ್‌ಜಿ ಜಪಾನಿಗೆ ಹೋದರು. ನಿಪ್ಪಾನ್ ಯೂಸೆನ್ ಕೈಶಾ ಅನ್ನುವ ಜಪಾನಿ ಹಡಗು ಕಂಪನಿಯ ಜೊತೆ ಒಪ್ಪಂದ ಮಾಡಿಕೊಂಡರು. ಹಡಗು ಬಾಡಿಗೆಗೆ ಹಿಡಿದು ಟಾಟಾ ಲೈನ್ ಅನ್ನುವ ಸಾಗಣೆಯನ್ನೂ ಶುರು ಮಾಡಿದರು. ಎದುರಾಳಿಗಳು ತಕ್ಷಣ ತಮ್ಮ ಬಾಡಿಗೆಯನ್ನು ನೆಲಕ್ಕಿಳಿಸಿದರು. ಮುಂಬೈನ ವ್ಯಾಪಾರಿಗಳು ಮೊದಲು ಟಾಟಾ ಜೊತೆ ನಿಲ್ಲುವ ಮಾತು ಕೊಟ್ಟಿದ್ದರು. ಅಗ್ಗದ ಬಾಡಿಗೆ ಕಂಡ ಮೇಲೆ ಒಬ್ಬೊಬ್ಬರಾಗಿ ಜಾರಿಕೊಂಡರು. ಜೆಮ್‌ಶೆಡ್‌ಜಿ ದೊಡ್ಡ ನಷ್ಟ ಅನುಭವಿಸಿ ಹಡಗುಗಳನ್ನು ಬಿಟ್ಟುಕೊಟ್ಟರು. ಅವರು ಹೊರಬಿದ್ದ ಮೇಲೆ ಬಾಡಿಗೆ ಮತ್ತೆ ಏರಿತು. ಜಾರಿಕೊಂಡವರೂ ಅದನ್ನು ಕಟ್ಟಬೇಕಾಯಿತು.

ಗಿರಣಿಯಲ್ಲಿ ಗೆದ್ದವರು ಹಡಗಿನಲ್ಲಿ ಯಾಕೆ ಸೋತರು? ಗಿರಣಿಯಲ್ಲಿ ದುಡ್ಡು, ಜನ, ಯಂತ್ರ ಎಲ್ಲ ಅವರ ಕೈಯಲ್ಲೇ ಇತ್ತು. ಹಡಗಿನಲ್ಲಿ ಬೇರೆ ವ್ಯಾಪಾರಿಗಳ ಮಾತಿನ ಮೇಲೆ ನಿಲ್ಲಬೇಕಿತ್ತು. ಆ ಮಾತು ಬಾಡಿಗೆ ದರ ಇಳಿಯುವ ತನಕ ಮಾತ್ರ ಉಳಿಯಿತು.

ಬೆಂಗಳೂರಿನ ನೆಲದಲ್ಲಿ

ಆ ಸೋಲಿನ ನಂತರ ಅವರ ಕನಸುಗಳು ಇನ್ನೂ ದೊಡ್ಡದಾದವು. ಉಕ್ಕಿನ ಕಾರ್ಖಾನೆ, ಪಶ್ಚಿಮ ಘಟ್ಟದ ನೀರಿನಿಂದ ಮುಂಬೈಗೆ ವಿದ್ಯುತ್, ವಿಜ್ಞಾನದ ಉನ್ನತ ಶಿಕ್ಷಣ ಸಂಸ್ಥೆ. ಇವುಗಳಿಗೆ ದುಡ್ಡು, ಧೈರ್ಯ ಎರಡೂ ಬಂದಿದ್ದು ಗಿರಣಿಗಳಿಂದಲೇ.

ನಮ್ಮ ರಾಜ್ಯದ ನಂಟು ಇಲ್ಲಿದೆ. ಮೈಸೂರು ಸೀಮೆಯ ರೇಷ್ಮೆ ಬೆಳೆ ಸುಧಾರಿಸಬೇಕು ಅಂತ ಜಪಾನಿ ಪದ್ಧತಿಯ ರೇಷ್ಮೆ ಫಾರ್ಮ್ ಒಂದನ್ನು ಬೆಂಗಳೂರಿನಲ್ಲಿ ಮಾಡಿಸಿದರು. ಬಸವನಗುಡಿ ಪಕ್ಕ ಟಾಟಾ ಸಿಲ್ಕ್ ಫಾರ್ಮ್ ಅನ್ನುವ ಬಡಾವಣೆ ಹೆಸರು ಇವತ್ತಿಗೂ ಉಳಿದಿದೆ. 1898ರಲ್ಲಿ ವಿಜ್ಞಾನ ಸಂಸ್ಥೆಗಾಗಿ ಮುಂಬೈನಲ್ಲಿದ್ದ ತಮ್ಮ ಕಟ್ಟಡ, ಜಮೀನುಗಳನ್ನು ಬಿಟ್ಟುಕೊಡಲು ಮುಂದಾದರು. ಅವುಗಳ ಬೆಲೆ 30 ಲಕ್ಷ ರೂಪಾಯಿ. ವೈಸ್‌ರಾಯ್ ಕರ್ಜನ್ ಸರ್ಕಾರ ಅನುಮಾನ ಪಡುತ್ತಾ ವರ್ಷಗಟ್ಟಲೆ ಎಳೆಯಿತು. ಮೈಸೂರು ಸಂಸ್ಥಾನ ಮುಂದೆ ಬಂದು ಬೆಂಗಳೂರಿನಲ್ಲಿ 371 ಎಕರೆ ಜಾಗ ಕೊಟ್ಟಿತು. 1909ರಲ್ಲಿ ಸಂಸ್ಥೆ ಸ್ಥಾಪನೆಯಾಯಿತು. ಅದೇ ಇವತ್ತಿನ ಭಾರತೀಯ ವಿಜ್ಞಾನ ಸಂಸ್ಥೆ. ಹಳೇ ಬೆಂಗಳೂರಿನವರ ಬಾಯಲ್ಲಿ ಅದು ಈಗಲೂ ಟಾಟಾ ಇನ್‌ಸ್ಟಿಟ್ಯೂಟ್.

ಅದನ್ನು ನೋಡಲು ಜೆಮ್‌ಶೆಡ್‌ಜಿ ಇರಲಿಲ್ಲ. 1904ರ ಮೇ 19ರಂದು ಜರ್ಮನಿಯ ಬಾಡ್ ನೌಹೈಮ್‌ನಲ್ಲಿ ತೀರಿಕೊಂಡರು. ಆಗ ಅವರಿಗೆ 65 ವರ್ಷ. ಅವರ ಸಮಾಧಿ ಇರೋದು ಇಂಗ್ಲೆಂಡಿನಲ್ಲಿ. ಕಣ್ಣಾರೆ ಕಂಡಿದ್ದು ಗಿರಣಿಗಳನ್ನು ಮತ್ತು 1903ರ ಡಿಸೆಂಬರ್‌ನಲ್ಲಿ ತೆರೆದ ಮುಂಬೈನ ತಾಜ್ ಹೋಟೆಲನ್ನು ಮಾತ್ರ. ಉಕ್ಕಿನ ಕಂಪನಿಯನ್ನು 1907ರಲ್ಲಿ ಮಕ್ಕಳು ಕಟ್ಟಿದರು. ಷೇರು ಬಿಡುಗಡೆ ಮಾಡಿದಾಗ ಮುಂಬೈನಲ್ಲಿ ಜನ ಮುಗಿಬಿದ್ದು ಕೊಂಡರು. ಕೆಲವೇ ವಾರಗಳಲ್ಲಿ ಪೂರ್ತಿ ಹಣ ಬಂತು. ಸ್ವದೇಶಿ ಮಿಲ್ ಮುಳುಗಲು ಬಿಟ್ಟಿದ್ದರೆ ಆ ಜನ ಬರುತ್ತಿದ್ದರಾ ಅನ್ನೋದನ್ನು ಓದುಗರೇ ಯೋಚಿಸಬೇಕು.

ಇವತ್ತು ಎಂಪ್ರೆಸ್ ಮಿಲ್ ಇಲ್ಲ, ಸ್ವದೇಶಿ ಮಿಲ್ಲೂ ಇಲ್ಲ. ಎರಡರ ಸದ್ದೂ ನಿಂತು ವರ್ಷಗಳಾದವು. ನೂರಾರು ಅಂಗಡಿಗಳಲ್ಲಿ ಆ ಹೆಸರಿನ ಪೊಟ್ಟಣ ಮಾತ್ರ ದಿನಾ ಮಾರಾಟವಾಗುತ್ತಿದೆ. ಹೆಚ್ಚಿನ ಗಿರಾಕಿಗಳು ಅದನ್ನು ತಿರುಗಿಸಿ ಕೂಡ ನೋಡುವುದಿಲ್ಲ, ಹೆಸರು ಕೇಳಿ ದುಡ್ಡು ಕೊಟ್ಟು ಹೋಗುತ್ತಾರೆ.